ಬೋಲ್ಟಿನ ಮೇಲಿನ ಹಳದಿ ಗೆರೆ

ಫೆಬ್ರವರಿ 3

ಮಾವನಿಗೆ ನಮಸ್ಕಾರ.

ಬಹಳ ವರ್ಷದ ಮೇಲೆ ಬರೆಯುತ್ತಿದ್ದೇನೆ. ಯಾರಿದು ಅಂತ ಕಾಗದ ತಿರುಗಿಸಿ ಹೆಸರು ಹುಡುಕಬೇಡಿ, ನಿಮ್ಮ ಅಕ್ಕನ ಮಗಳೇ. ಮೊದಲು ಫೋನ್ ಮಾಡಿದ್ದೆ. ನೀವು ಎತ್ತಿ, ನಾನು ಹೇಳಿದ್ದರಲ್ಲಿ ಒಂದನ್ನೂ ಕೇಳಿಸಿಕೊಳ್ಳದೆ, ನಿಮ್ಮ ಮಾತನ್ನೆಲ್ಲ ಆಡಿ ಇಟ್ಟುಬಿಟ್ಟಿರಿ. ಅದಕ್ಕೇ ಕಾಗದ.

ಹೆದ್ದಾರಿ ಪಕ್ಕದ ಪಂಕ್ಚರ್ ಅಂಗಡಿಯನ್ನು ಈಗ ನಾನೇ ನಡೆಸುತ್ತಿದ್ದೇನೆ. ನೀವೂ ಅಪ್ಪನೂ ಒಟ್ಟಿಗೆ ವರ್ಕ್‌ಶಾಪ್ ಇಟ್ಟಿದ್ದಾಗ ನೀವು ಜೋಡಿಸಿದ ಆ ಸಣ್ಣ ಪೆಟ್ರೋಲ್ ಇಂಜಿನ್ ಇದೆಯಲ್ಲ, ನಮ್ಮ ಗಾಳಿ ಕಾಂಪ್ರೆಸರನ್ನು ಈಗಲೂ ಅದೇ ಓಡಿಸುತ್ತಿದೆ. ಓಡಿಸುತ್ತಿದೆ ಅನ್ನೋದಕ್ಕಿಂತ ಎಳೆಯುತ್ತಿದೆ. ಸೈಕಲ್ಲು ಬೈಕು ಬಂದರೆ ಪರವಾಗಿಲ್ಲ. ಲಾರಿ ಟೈರಿಗೆ ಗಾಳಿ ತುಂಬುವಾಗ ಏದುಸಿರು ಬಿಡುತ್ತೆ, ಎದುರಿನ ಬಸ್ ಸ್ಟಾಪು ಹೊಗೆಯಲ್ಲಿ ಕಾಣೋದೇ ಇಲ್ಲ. ಹಾಕಿದ ಆಯಿಲ್ ಎಲ್ಲಿ ಹೋಗುತ್ತೋ ಗೊತ್ತಿಲ್ಲ, ನೆಲದ ಮೇಲಂತೂ ಒಂದು ಹನಿ ಇಲ್ಲ.

ಅಪ್ಪ ಇಂಜಿನ್ ಮುಟ್ಟುವುದಿಲ್ಲ. ಬೆಳಿಗ್ಗೆ ಬಂದು ಆಯಿಲ್ ಅಳೆಯೋ ಕಡ್ಡಿ ಮಾತ್ರ ಎಳೆದು ನೋಡುತ್ತಾರೆ. ಒರೆಸಿ ಮತ್ತೆ ನೋಡುತ್ತಾರೆ. ಮನೆಗೆ ಹೊರಟವರು ಅರ್ಧ ದಾರಿಯಿಂದ ತಿರುಗಿ ಬಂದು ಇನ್ನೊಂದು ಸಲ ನೋಡುತ್ತಾರೆ. ನಮ್ಮ ಹಿಂದಿನ ಬೀದಿಯ ಕೋಲ್ಡ್ ಸ್ಟೋರೇಜಿನವರು ಜನರೇಟರ್ ನೋಡಿಕೊಳ್ಳೋಕೆ ಒಬ್ಬ ಹಿರಿಯರು ಬೇಕು ಅಂತ ಅಪ್ಪನನ್ನೇ ಕೇಳಿಕೊಂಡು ಬಂದರು. ಕುರ್ಚಿ, ಫ್ಯಾನು, ಹಗಲು ಪಾಳಿ. ಅಪ್ಪನ ಮುಖ ಅರಳಿತು, ನಾನು ನೋಡಿದೆ. ಆಮೇಲೆ ಯಾರೂ ಕೇಳದೇ ಇದ್ದರೂ ಅವರೇ ಹೇಳಿದರು: "ಎಣ್ಣೆ ಹಾಕೋದು ಮರೆತು ಇಂಜಿನ್ ಸುಟ್ಟೋನು ನಾನು. ನನ್ನ ಕೈಗೆ ಯಂತ್ರ ಕೊಡಬೇಡಿ." ಬಂದವರು ಮಳೆಗಾಲ ಶುರುವಾಗೋವರೆಗೆ ಯೋಚನೆ ಮಾಡಿ ಅಂದು ಹೋಗಿದ್ದಾರೆ.

ಈ ಇಂಜಿನ್ ಎಲ್ಲಿ ಸವೆದಿದೆ, ಯಾಕೆ ಸವೆದಿದೆ ಅಂತ ಪತ್ತೆ ಮಾಡಬೇಕು ಮಾವ. ಹೇಗೆ ಅಂತ ತಿಳಿಸಿ.

ನಿಮ್ಮ ಹತ್ತು-ಹನ್ನೊಂದು


ಫೆಬ್ರವರಿ 11

ಎಲೆ ಹತ್ತು-ಹನ್ನೊಂದು,

ಇಲ್ಲಿ ನಾನೂ ನನ್ನ ಮೀಸೆಯೂ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದ ದಿನ ಓಣಿಗೆಲ್ಲ ಓದಿ ಹೇಳಿದೆ. ಟೀ ಅಂಗಡಿಯವನು ಕೇಳಿದ, ಇದೇನು ಹತ್ತು-ಹನ್ನೊಂದು ಅಂದರೆ, ಮಗ್ಗಿಯಾ ಅಂತ. ಅಯ್ಯೋ ಪೆದ್ದ, ನನ್ನ ಸೊಸೆ ಮೊಣಕಾಲುದ್ದ ಇದ್ದಾಗ ನಾನು ಕೈ ಚಾಚಿದರೆ ಸಾಕು, ಹತ್ತು-ಹನ್ನೊಂದರ ಸ್ಪ್ಯಾನರನ್ನೇ ತಂದಿಡುತ್ತಿದ್ದಳು, ಅದಕ್ಕೇ ಆ ಹೆಸರು ಅಂದೆ. ಸ್ಪ್ಯಾನರೂ ಸಣಕಲು, ನೀನೂ ಸಣಕಲು.

ಫೋನಿನ ವಿಷಯ: ನನಗೆ ಕೇಳಿಸಲಿಲ್ಲ ಅಂತ ತಿಳಿಯಬೇಡ. ನಿನ್ನ ಫೋನೇ ಸರಿಯಿಲ್ಲ. ಕಾಗದವೇ ವಾಸಿ. ನಮ್ಮ ಹಳ್ಳಿ ಶಾಲೆಯ ಮೇಷ್ಟ್ರು ನನ್ನ ಅಕ್ಷರ ನೋಡಿ ಕೋಳಿ ಕೆದಕಿದ ಹಾಗಿದೆ ಅನ್ನುತ್ತಿದ್ದರು. ಅವರ ಸೈಕಲ್ ಚೈನು ತುಂಡಾದಾಗ ಅದೇ ಕೋಳಿಯನ್ನು ಹುಡುಕಿಕೊಂಡು ಮನೆ ಬಾಗಿಲಿಗೆ ಬಂದರು. ಅದಿರಲಿ.

ಇಂಜಿನ್ ಅಂದರೆ ಮನುಷ್ಯನ ಹಾಗೆ ಕಣೇ. ಕೆಮ್ಮು ನೋಡಬೇಕು, ಉಗುಳು ನೋಡಬೇಕು, ಹೊಟ್ಟೆ ನೋಡಬೇಕು. ಹೇಳಿದ್ದನ್ನು ಹೇಳಿದ ಹಾಗೆ ಮಾಡು. ಮೊದಲು ಹೊಗೆ. ಕಪ್ಪೋ, ಬಿಳಿಯೋ, ನೀಲಿಯೋ? ಕಪ್ಪಾದರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ, ನೀಲಿಯಾದರೆ ಆಯಿಲ್ ಸುಡ್ತಿದೆ. ನೀಲಿ ಹೊಗೆ ಬೆಳಿಗ್ಗೆ ಸ್ಟಾರ್ಟ್ ಮಾಡೋ ಹಗ್ಗ ಎಳೆದಾಗ ಒಂದು ಸಲ ಬುಸ್ ಅಂದು ನಿಂತರೆ ವಾಲ್ವಿನ ಕಡೆಯಿಂದ ಇಳಿದದ್ದು. ಭಾರ ಬಿದ್ದಾಗ ಬರುತ್ತಲೇ ಇದ್ದರೆ ಕೆಳಗಿನಿಂದ ಹತ್ತಿ ಬರ್ತಿದೆ. ಆಮೇಲೆ ಪ್ಲಗ್ ಬಿಚ್ಚಿ ಮೂತಿ ನೋಡು, ಒಣಗಿದೆಯೋ ಒದ್ದೆಯೋ. ಆಯಿಲ್ ಬಿಸಿ ಇರುವಾಗಲೇ ಬಿಳಿ ತಟ್ಟೆಗೆ ಇಳಿಸು. ಮೂಸಿ ನೋಡು, ಪೆಟ್ರೋಲ್ ವಾಸನೆ ಇದೆಯಾ? ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಹೆಬ್ಬೆರಳು ತೋರುಬೆರಳಿನ ಮಧ್ಯೆ ತಿಕ್ಕು. ಹಳೇ ರೇಡಿಯೋ ಸ್ಪೀಕರಿನ ಹಿಂದೆ ಅಯಸ್ಕಾಂತ ಇರುತ್ತಲ್ಲ, ಅದನ್ನು ತಟ್ಟೆಯಲ್ಲಿ ಆಡಿಸು. ಅಂಟಿಕೊಂಡರೆ ಕಬ್ಬಿಣ, ಅಂದರೆ ಪಿಸ್ಟನ್ ಸುತ್ತಿನ ರಿಂಗು, ಅದು ಓಡಾಡೋ ಬೋರು ಸವೆದಿವೆ. ಅಂಟದೆ ಮಿನುಗಿದರೆ ಪಿಸ್ಟನ್ನು, ಹಿತ್ತಾಳೆ ಬುಷ್ಷು.

ಆದರೆ ಮೇಲಿನ ಮುಚ್ಚಳ, ಆ ಹೆಡ್ ಮಾತ್ರ ಬಿಚ್ಚಬೇಡ. ಬೋಲ್ಟಿನ ಮೇಲೆ ನನ್ನ ಹಳದಿ ಗೆರೆ ಇದೆ ನೋಡು, ಬೋಲ್ಟಿನ ತಲೆಯಿಂದ ಇಂಜಿನ್ ಮೈವರೆಗೆ ಎಳೆದದ್ದು. ನಾನು ಜೋಡಿಸಿದ ಇಂಜಿನ್ನಿಗೆಲ್ಲ ಎಳೆಯುತ್ತಿದ್ದೆ. ಯಾರಾದರೂ ಕದ್ದು ಸ್ಪ್ಯಾನರ್ ಹಾಕಿದರೆ ಗೆರೆ ಮುರಿದು ನನಗೆ ಗೊತ್ತಾಗಬೇಕು. ಇಡೀ ಊರಲ್ಲಿ ಆ ಗೆರೆಗೆ ಒಂದು ಬೆಲೆ ಇತ್ತು.

ಆ ಇಂಜಿನ್ ಹೇಗೆ ಜೋಡಿಸಿದ್ದು ಗೊತ್ತಲ್ಲ? ನೀನು ಚಿಕ್ಕವಳು, ನೆನಪಿರಲಿಕ್ಕಿಲ್ಲ. ಎದುರು ಅಂಗಡಿಯ ವೆಲ್ಡರ್ ಪಂಥ ಕಟ್ಟಿದ. ಕಣ್ಣಿಗೆ ಟವೆಲ್ ಕಟ್ಟಿಸಿಕೊಂಡು ಕೂತೆ. ಪಿಸ್ಟನ್ನು, ಮೂರು ರಿಂಗು, ಹೆಡ್ಡು, ವಾಲ್ವು, ಎಲ್ಲ ಬೆರಳಲ್ಲೇ. ಜನ ಬೀದಿಯವರೆಗೆ ನಿಂತಿದ್ದರು. ಕೊನೆಗೆ ಟವೆಲ್ ಬಿಚ್ಚಿ, ಹಳದಿ ಗೆರೆ ಎಳೆದು, ಹಗ್ಗ ಎಳೆದೆ. ಒಂದೇ ಎಳೆತ. ವೆಲ್ಡರ್ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅಂಥ ಇಂಜಿನ್ನನ್ನು ನಿಮ್ಮಪ್ಪ ಎಣ್ಣೆ ಹಾಕದೆ ಓಡಿಸಿ, ಪಿಸ್ಟನ್ ಬೋರಿಗೆ ಕಚ್ಚಿ ನಿಲ್ಲೋ ಹಾಗೆ ಮಾಡಿಬಿಟ್ಟ. ಭಾವ ಒಳ್ಳೆಯವನೇ, ಗಮನ ಮಾತ್ರ ಇಲ್ಲ. ಆಗಿದ್ದು ಆಯಿತು.

ನಿನ್ನ ಮಾವ, ಇಂಜಿನ್ ಡಾಕ್ಟರು


ಫೆಬ್ರವರಿ 24

ಮಾವನಿಗೆ ನಮಸ್ಕಾರ.

ಹೇಳಿದ ಹಾಗೇ ಮಾಡಿದೆ. ಹೊಗೆ ನೀಲಿ. ಬೆಳಿಗ್ಗೆಯೂ ಇದೆ, ಮಧ್ಯಾಹ್ನವೂ ಇದೆ, ಲಾರಿ ಟೈರಿಗೆ ಹಾಕಿದಾಗ ಮೋಡದ ಹಾಗೆ. ಪ್ಲಗ್ ಕಪ್ಪು, ಒದ್ದೆ, ಬಟ್ಟೆಯಲ್ಲಿ ಒರೆಸಿದರೆ ಎಣ್ಣೆ ಜಿಡ್ಡು. ಆಯಿಲ್ ಇಳಿಸಿದೆ. ಪೆಟ್ರೋಲ್ ವಾಸನೆ ಇಲ್ಲ, ಹಾಲಿನ ಬಣ್ಣ ಇಲ್ಲ, ಟಾರಿನ ಹಾಗೆ ಕಪ್ಪು. ಅಯಸ್ಕಾಂತಕ್ಕೆ ಸಣ್ಣ ಮೀಸೆ ಬಂದಿದೆ, ನಿಮ್ಮದಕ್ಕಿಂತ ತೆಳು. ಹಿತ್ತಾಳೆಯ ಮಿನುಗು ಕಾಣಲಿಲ್ಲ.

ನೀವು ಹೇಳದೇ ಇದ್ದದ್ದು ಒಂದು ಮಾಡಿದೆ, ಬೈಯಬೇಡಿ. ಟ್ರಕ್ ಡ್ರೈವರ್ ಒಬ್ಬರು ಹೇಳಿಕೊಟ್ಟರು. ಪ್ಲಗ್ ಬಿಚ್ಚಿ ತೂತಿಗೆ ಬೆರಳಿಟ್ಟು ಹಗ್ಗ ಎಳೆದರೆ ಗಾಳಿ ಸೋತು ಸೋತು ಬಂತು. ಒಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಎಳೆದೆ, ಬೆರಳನ್ನೇ ಎತ್ತಿ ಒಗೆಯಿತು. ರಿಂಗಿನ ಸಂದನ್ನು ಆಯಿಲ್ ಮುಚ್ಚಿತು, ಹಾಗಾದರೆ ವಾಲ್ವು ಸರಿಯಿದೆ, ರಿಂಗೇ ಹಿಡೀತಿಲ್ಲ ಅಂತ ಅಲ್ಲವಾ?

ಅಪ್ಪ ದೂರದಲ್ಲಿ ಟೈರಿನ ಮೇಲೆ ಕೂತು ನೋಡುತ್ತಿದ್ದರು. ಅಯಸ್ಕಾಂತ ತೋರಿಸಿದೆ. "ಅದೆಲ್ಲ ನಾನೇ ಸವೆಸಿದ್ದು" ಅಂದರು. ನೀವು ಕಾಗದ ಬರೆದಿದ್ದೀರಿ ಅಂದಾಗ ಮಾತ್ರ ಎದ್ದು ಬಂದು ಕವರಿನ ಮೇಲಿನ ನಿಮ್ಮ ಅಕ್ಷರ ನೋಡಿದರು. "ಚೆನ್ನಾಗಿದಾನಂತಾ?" ಅಂತ ಕೇಳಿದರು.

ನಿಮ್ಮ ಹತ್ತು-ಹನ್ನೊಂದು


ಮಾರ್ಚ್ 2

ಎಲೆ ಚಾಲಾಕಿ,

ಚಮಚದ ಆಟ ನಿನಗೆ ಹೇಳಿಕೊಟ್ಟ ಡ್ರೈವರ್‌ಗೆ ಅದನ್ನು ಹೇಳಿಕೊಟ್ಟವರು ಯಾರು ಕೇಳು. ಕೆದಕಿದರೆ ಕೊನೆಗೆ ನನ್ನ ಹೆಸರೇ ಬರುತ್ತೆ. ಇಷ್ಟು ದೂರ ಕೂತು, ಕಣ್ಣಲ್ಲಿ ನೋಡದೆ, ಕಾಗದದಲ್ಲೇ ರೋಗ ಹಿಡಿದೆ ನೋಡು. ಓಣಿಯವರು ಬಾಯಿ ಬಿಟ್ಟುಕೊಂಡು ಕೇಳಿದರು. ರಿಂಗು, ಬೋರು. ಎಣ್ಣೆಯಿಲ್ಲದೆ ಓಡಿ ಬೋರಿನ ಗೋಡೆ ಗೀಚಿಹೋಗಿದೆ, ಆ ಗೀಚಿನಿಂದ ಆಯಿಲ್ ಮೇಲೆ ಹತ್ತಿ ಸುಡ್ತಿದೆ. ಕೇಸು ಮುಗಿಯಿತು.

ಔಷಧಿ: ಗಟ್ಟಿ ಆಯಿಲ್. ಈಗ ಹಾಕೋದಕ್ಕಿಂತ ಎರಡು ಪಟ್ಟು ಮಂದ ಇರಬೇಕು. ಹಳೇ ಇಂಜಿನ್ನಿಗೆ ಅದೇ ಕಂಬಳಿ. ಬಿಚ್ಚಬೇಡ. ಹಳೇ ಇಂಜಿನ್ನು ಹಳೇ ದಂಪತಿ ಹಾಗೆ, ಒಬ್ಬರಿಗೊಬ್ಬರು ಸವೆದು ಹೇಗೋ ಹೊಂದಿಕೊಂಡಿರುತ್ತವೆ, ಬಿಚ್ಚಿ ಮತ್ತೆ ಕೂರಿಸಿದರೆ ಮುನಿಸಿಕೊಳ್ಳುತ್ತವೆ. ನನ್ನ ಗೆರೆ ಮುರಿದರೆ ಆಮೇಲೆ ನಾನು ಜವಾಬ್ದಾರನಲ್ಲ.

ಭಾವನಿಗೆ ಹೇಳು, ನಾನು ಚೆನ್ನಾಗಿದ್ದೇನೆ. ಹಲ್ಲು ನಾಲ್ಕು ಕಮ್ಮಿ, ಪೊಗರು ಅಷ್ಟೇ ಇದೆ.

ನಿನ್ನ ಮಾವ, ಕಾಗದದಲ್ಲೇ ನಾಡಿ ಹಿಡಿಯುವವನು


ಮಾರ್ಚ್ 19

ಮಾವನಿಗೆ ನಮಸ್ಕಾರ.

ಗಟ್ಟಿ ಆಯಿಲ್ ಹಾಕಿದೆ. ಸ್ವಲ್ಪ ದಿನ ಹೊಗೆ ಕಡಿಮೆಯಾಯಿತು, ನಿಮ್ಮನ್ನು ಹೊಗಳಿದೆ. ಆಮೇಲೆ ಬೆಳಿಗ್ಗೆ ಹಗ್ಗ ಎಳೆದು ಎಳೆದು ಭುಜ ಕೀಳುವ ಹಾಗಾಯಿತು, ಪ್ಲಗ್ ಮತ್ತೆ ಜಿಡ್ಡಾಯಿತು, ಹೊಗೆ ಮೊದಲಿನ ಜಾಗಕ್ಕೇ ಬಂತು. ಕಂಬಳಿ ಹೊದಿಸಿದರೆ ಜ್ವರ ಹೋಗುವುದಿಲ್ಲ ಅನ್ನಿಸಿತು.

ಒಂದು ವಿಷಯ ಕೇಳಬೇಕು. ಅಪ್ಪ ಮೊನ್ನೆ ಹೇಳಿದರು, ಇಂಜಿನ್ ಕಚ್ಚಿದ ಆ ವಾರದ ಮೊದಲ ದಿನವೇ ಆಯಿಲ್ ತುಂಬಿಸಿದ್ದರಂತೆ. ಡಬ್ಬಿ ಖಾಲಿಯಾಗಿ, ಅದನ್ನು ಕವುಚಿ ಕೊನೆಯ ಹನಿವರೆಗೆ ಕಾದಿದ್ದು ನೆನಪಿದೆಯಂತೆ. "ವಾರಕ್ಕೊಂದು ಸಲ ನೋಡಿದರೆ ಸಾಕು ಭಾವ, ನಾನು ಜೋಡಿಸಿದ್ದು ಎಣ್ಣೆ ಕುಡಿಯಲ್ಲ" ಅಂತ ನೀವೇ ಹೇಳಿದ್ದಿರಂತೆ. ಇಷ್ಟು ಹೇಳಿದವರೇ, "ಅದು ಬೇರೆ ಯಾವುದೋ ವಾರ ಇರಬೇಕು ಬಿಡು" ಅಂದರು.

ಹೊಸದರಲ್ಲೇ, ಅಂದರೆ ಕಚ್ಚುವುದಕ್ಕೆ ಮೊದಲೇ, ಅದು ನೀಲಿ ಹೊಗೆ ಬಿಡುತ್ತಿತ್ತಾ ಮಾವ? ನಿಮಗೆ ನೆನಪಿರಬೇಕು, ನಿಮಗೆ ಎಲ್ಲ ನೆನಪಿರುತ್ತೆ.

ನಿಮ್ಮ ಹತ್ತು-ಹನ್ನೊಂದು


ಏಪ್ರಿಲ್ 16

ಹತ್ತು-ಹನ್ನೊಂದಕ್ಕೆ,

ಉತ್ತರ ತಡವಾಯಿತು. ಇಲ್ಲಿ ಬಿಸಿಲು, ಶಾಯಿ ಪೆನ್ನಲ್ಲೇ ಒಣಗುತ್ತಿದೆ. ಓಣಿಯ ನೀರಿನ ಪಂಪ್ ಕೆಟ್ಟಿತ್ತು, ಅದಕ್ಕೆ ನನ್ನನ್ನೇ ಕರೆದರು. ನಾನು ಕುರ್ಚಿ ಹಾಕಿಕೊಂಡು ಕೂತು ಹೇಳಿದೆ, ಹುಡುಗರು ಬಿಚ್ಚಿದರು. ಸರಿಯಾಯಿತು. ಸರಿಯಾಗದೆ ಏನು. ಮೀಸೆಗೆ ಬಣ್ಣ ಹಾಕುವುದು ಬಿಟ್ಟೆ, ಬಿಳಿಯೇ ನನಗೆ ಗತ್ತು ಕೊಡುತ್ತೆ ಅಂತ ಕ್ಷೌರಿಕ ಹೇಳಿದ.

ಹಳೇ ಮಾತು ಕೆದಕಬೇಡ. ಹೊಸ ಇಂಜಿನ್ ಅಂದಮೇಲೆ ಶುರುವಿಗೆ ಒಂಚೂರು ಹೊಗೆ ಬಿಟ್ಟೇ ಬಿಡುತ್ತೆ, ಅದಕ್ಕೊಂದು ಅರ್ಥ ಕಟ್ಟಬಾರದು. ಅಷ್ಟು ಜನರ ಮುಂದೆ ಜೋಡಿಸಿದ್ದು, ಸಾಕ್ಷಿ ಇದ್ದರು. ಭಾವನ ಪಾಪದ ಮುಖ ನೋಡಿ ನಿನಗೆ ಕರುಳು ಚುರ್ ಅಂದಿರಬೇಕು, ಮಗಳಲ್ಲವಾ, ಸಹಜ. ನಾನೇನು ಅವನನ್ನು ಬೈದಿದ್ದೇನಾ? ಬಂದ ಗಿರಾಕಿಗಳು ಇಂಜಿನ್ ಯಾಕೆ ನಿಂತಿದೆ ಅಂತ ಕೇಳಿದರು, ಹೇಳಿದೆ. ಸುಳ್ಳು ಹೇಳಬೇಕಿತ್ತಾ?

ಹೊಸ ಇಂಜಿನ್ ನೋಡು. ಹಳೆಯದನ್ನು ಗುಜರಿಗೆ ಹಾಕು, ಹಾಗೇ ಹಾಕು, ಬಿಚ್ಚದೆ.

ಮಾವ


ಮೇ 8

ಮಾವನಿಗೆ,

ಬಿಚ್ಚಿದೆ.

ಹಳದಿ ಗೆರೆಗಳು ನಾಲ್ಕೂ ಬೋಲ್ಟಿನ ಮೇಲೆ ಹಾಗೇ ಇದ್ದವು. ಮಸಿಯನ್ನು ಪೆಟ್ರೋಲಿನಲ್ಲಿ ಒರೆಸಿದ ಮೇಲೆ ನಿನ್ನೆ ಎಳೆದ ಹಾಗೆ ಕಂಡವು. ಒಂದೂ ಮುರಿದಿರಲಿಲ್ಲ, ಒಂದೂ ಜರುಗಿರಲಿಲ್ಲ. ಅಂದರೆ ನೀವು ಟವೆಲ್ ಬಿಚ್ಚಿ ಗೆರೆ ಎಳೆದ ದಿನದಿಂದ ಇವತ್ತಿನವರೆಗೆ ಯಾರೂ ಒಳಗೆ ಕೈ ಹಾಕಿಲ್ಲ. ಕಚ್ಚಿದಾಗಲೂ ನೀವು ಬಿಚ್ಚಿ ನೋಡಲಿಲ್ಲ. ತಣ್ಣಗಾದ ಮೇಲೆ ಹಗ್ಗ ಎಳೆದಿರಿ, ತಿರುಗಿತು, "ಭಾವ ಎಣ್ಣೆ ಹಾಕೋದು ಮರೆತ" ಅಂದಿರಿ. ಅಷ್ಟೇ ನಿಮ್ಮ ಪರೀಕ್ಷೆ.

ಬೋರಿನಲ್ಲಿ ಗೀಚು ಇದೆ, ನೀವು ಹೇಳಿದ್ದು ಸರಿ. ಉಗುರು ಆಡಿಸಿದರೆ ಮೇಲ್ಗಡೆ ಅಂಚೊಂದು ಸಿಗುತ್ತೆ, ಅಷ್ಟು ಸವೆದಿದೆ. ಪಿಸ್ಟನ್ ಹೊರಗೆ ತೆಗೆದೆ. ಮೇಲಿನ ರಿಂಗು ಸರಿ ಇತ್ತು. ಕೆಳಗಿನ ತೂತಿನ ರಿಂಗೂ ಸರಿ. ಮಧ್ಯದ್ದು, ಗೋಡೆಯ ಎಣ್ಣೆ ಕೆರೆದು ಕೆಳಗೆ ಇಳಿಸಬೇಕಾದ್ದು, ಅದರ ಎರಡು ತುದಿ ಸೇರೋ ಬಾಯಿ ಹತ್ತಿರ ಒಂದು ಸಣ್ಣ ಚುಕ್ಕಿ ಇರುತ್ತಲ್ಲ, ಹೆಡ್ ಕಡೆಗೆ ಇರಬೇಕಾದ ಚುಕ್ಕಿ. ಅದು ಕೆಳಗಿತ್ತು. ರಿಂಗು ತಲೆಕೆಳಗಾಗಿ ಕೂತಿತ್ತು ಮಾವ. ಎಣ್ಣೆಯನ್ನು ಕೆಳಗೆ ಕೆರೆಯೋ ಬದಲು ಮೇಲಕ್ಕೆ ಎಳೆದು ಎಳೆದು ಬೆಂಕಿಗೆ ಕೊಟ್ಟಿದೆ, ಮೊದಲ ದಿನದಿಂದಲೇ. ಆ ಚುಕ್ಕಿ ಬೆರಳಿಗೆ ಸಿಗುವುದಿಲ್ಲ. ನಾನು ಕೈ ತೊಳೆದು, ಕಣ್ಣು ಮುಚ್ಚಿ ಮುಟ್ಟಿ ನೋಡಿದೆ. ಸಿಗುವುದಿಲ್ಲ. ಕಣ್ಣಿಗೆ ಮಾತ್ರ ಕಾಣುತ್ತೆ.

ಅಪ್ಪ ವಾರದ ಮೊದಲ ದಿನ ತುಂಬಿಸಿದ್ದೂ ನಿಜ, ವಾರದ ಕೊನೆಗೆ ಖಾಲಿಯಾಗಿದ್ದೂ ನಿಜ. ನೀವು ವಾರಕ್ಕೊಂದು ಸಲ ಅಂದಿರಿ, ಅವರು ನಂಬಿದರು. ತಪ್ಪು ಅಂತ ಇದ್ದರೆ ಅದೊಂದೇ.

ನಾನು ಆಟಕ್ಕೆ ಕಾಗದ ಬರೆಯಲು ಶುರು ಮಾಡಿದ್ದಲ್ಲ. ಹೊಗೆ ನೀಲಿ ಅಂತ ಮೊದಲ ಕಾಗದಕ್ಕೆ ಮುಂಚೆಯೇ ಗೊತ್ತಿತ್ತು. ನೀವು ಏನು ಹೇಳುತ್ತೀರಿ, ಏನು ಹೇಳುವುದಿಲ್ಲ ಅಂತ ನೋಡಬೇಕಿತ್ತು. ನಾನು ಕಂಡದ್ದು ಇಷ್ಟು: ಬಿಚ್ಚಬೇಡ, ಬಿಚ್ಚಬೇಡ, ಬಿಚ್ಚಬೇಡ.

ಎಣ್ಣೆ ಹಾಕೋದು ಮರೆತ ಅನ್ನೋ ನಿಮ್ಮ ಆ ಒಂದು ಮಾತಿನಿಂದ ಅಪ್ಪನ ಹತ್ತಿರ ಯಾರೂ ಮಿಕ್ಸಿ ಮೋಟಾರನ್ನೂ ಬಿಡಲಿಲ್ಲ. ವರ್ಕ್‌ಶಾಪ್ ಬಿಟ್ಟು ಬಂದರು. "ಹಾಳು ಮಾಡಿದವನೇ ಇಟ್ಟುಕೊಳ್ಳಲಿ" ಅಂತ ನೀವು ಈ ಇಂಜಿನ್ನನ್ನು ಅವರ ಪಾಲಿಗೆ ಗಾಡಿಗೆ ಏರಿಸಿದಿರಿ. ಅಮ್ಮ ತೀರಿಹೋಗುವವರೆಗೂ ಅಪ್ಪ ಗ್ಯಾಸ್ ಒಲೆ ಹಚ್ಚಿದರೆ ಹಿಂದೆಯೇ ಹೋಗಿ ನಾಬ್ ನೋಡಿ ಬರುತ್ತಿದ್ದಳು. ನಿಮ್ಮ ಅಕ್ಕ. ತಮ್ಮನ ಮಾತು ಅಷ್ಟು ನಂಬಿದ್ದಳು.

ಅಪ್ಪನಿಗೆ ರಿಂಗು ತೋರಿಸಿ ಹೇಳಿದೆ. ಅಂಗೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು. "ನಿಂಗೆ ಅವನ ಮೇಲೆ ಕೋಪ. ಕೋಪದಲ್ಲಿ ಮೇಲು ಕೆಳಗು ಗೊತ್ತಾಗಲ್ಲ" ಅಂದರು. ನಾನು ಬಿಡಲಿಲ್ಲ. ಆಗ ಹೇಳಿದರು: "ಅವನು ಹೇಳಲಿ. ಅವನು ಬಾಯಿಬಿಟ್ಟು ಭಾವನ ತಪ್ಪಲ್ಲ ಅಂದರೆ ನಾಳೆಯೇ ಕೋಲ್ಡ್ ಸ್ಟೋರೇಜಿಗೆ ಹೋಗ್ತೀನಿ."

ಅಪ್ಪನಿಗೆ ಒಂದು ಸಾಲು ಬರೆಯಿರಿ. ಇಂಜಿನ್ ಹಾಳಾದದ್ದು ನಿಮ್ಮಿಂದಲ್ಲ ಭಾವ ಅಂತ. ಯಾರಿಂದ ಅಂತ ಬರೆಯಬೇಕಾಗಿಲ್ಲ. ಮಳೆ ಶುರುವಾಗುವುದರೊಳಗೆ.

ನಿಮ್ಮ ಅಕ್ಕನ ಮಗಳು


ಮೇ 30

ಅಕ್ಕನ ಮಗಳಿಗೆ,

ನಿನ್ನ ಕಾಗದವನ್ನು ಓಣಿಯವರಿಗೆ ಓದಿ ಹೇಳಲಿಲ್ಲ. ಟೀ ಅಂಗಡಿಯವನು ಕೇಳಿದ, ಸೊಸೆ ಏನು ಬರೆದಿದಾಳೆ ಅಂತ. ಇಂಜಿನ್ ಸರಿಹೋಯಿತಂತೆ ಅಂದೆ.

ಆಗಿನ ಕಾಲದ ರಿಂಗುಗಳಲ್ಲಿ ಚುಕ್ಕಿ ಎಲ್ಲೆಲ್ಲೋ ಇರುತ್ತಿತ್ತು. ಕಾರ್ಖಾನೆಯಲ್ಲೇ ತಪ್ಪಾಗಿ ಗುರುತು ಹಾಕಿರಬಹುದು. ಇಲ್ಲವೇ ತೆಗೆಯುವಾಗ ನೀನೇ ತಿರುಗಿಸಿರಬಹುದು, ಮೊದಲ ಸಲ ಬಿಚ್ಚುವವಳು ನೀನು. ಹಳದಿ ಬಣ್ಣದ ಡಬ್ಬಿ ಈ ಪ್ರಪಂಚದಲ್ಲಿ ನಾನೊಬ್ಬನೇ ಕೊಂಡಿದ್ದೇನಾ? ಗೆರೆ ಯಾರು ಬೇಕಾದರೂ ಎಳೆಯಬಹುದು. ಇದನ್ನೆಲ್ಲ ವಾದಕ್ಕೆ ಹೇಳುತ್ತಿಲ್ಲ, ಹೀಗೂ ಇರಬಹುದು ಅಂತ.

ಒಂದು ಮಾತು ಹೇಳುತ್ತೇನೆ, ನಿನ್ನಲ್ಲೇ ಇರಲಿ. ನನ್ನ ಹತ್ತಿರ ಈಗ ಯಾರೂ ಇಂಜಿನ್ ತರುವುದಿಲ್ಲ. ಪಂಪ್ ಕೆಟ್ಟಾಗ ಕುರ್ಚಿ ಹಾಕಿ ಕೂರಿಸುತ್ತಾರೆ, ನಾನು ಹೇಳಿದ್ದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮಾಡುತ್ತಾರೆ. ಆಮೇಲೆ, "ತಾತ, ಆ ಟವೆಲ್ ಕಟ್ಟಿಕೊಂಡಿದ್ದು ಹೇಳು" ಅನ್ನುತ್ತಾರೆ. ಹೇಳುತ್ತೇನೆ. ಎಷ್ಟೋ ಜನ ಅದನ್ನು ಕೇಳೋಕೇ ಬರುತ್ತಾರೆ. ಟೀ ಅವರೇ ಕೊಡಿಸುತ್ತಾರೆ. ಅದೂ ಹೋದರೆ ಈ ಓಣಿಯಲ್ಲಿ ನಾನು ಯಾರು? ಕಿವಿ ಕೇಳದ ಒಬ್ಬ ಮುದುಕ.

ಭಾವನಿಗೆ ನೀನಿದ್ದೀಯ. ಅಂಗಡಿ ಇದೆ. ಬಿಟ್ಟುಬಿಡು ಪುಟ್ಟಿ. ಅಂಚೆಯಲ್ಲಿ ಹೊಸ ರಿಂಗುಗಳ ಸೆಟ್ಟು ಕಳಿಸುತ್ತಿದ್ದೇನೆ, ಒಳ್ಳೇ ಮಾಲು. ಚುಕ್ಕಿ ನೋಡಿ ಹಾಕು.

ಮಾವ


ಜೂನ್ 5

ರಿಂಗು ಬಂದವು. ಬೋರನ್ನು ಪೇಟೆಯ ಲೇತ್‌ನಲ್ಲಿ ಕೊರೆಸಿ ದೊಡ್ಡ ಅಳತೆಯದು ಹಾಕಿಸಬೇಕಾಯಿತು, ನಿಮ್ಮದು ಆಗಲಿಲ್ಲ. ವಾಪಸ್ ಕಳಿಸಿದ್ದೇನೆ. ಇಂಜಿನ್ ಈಗ ಹೊಗೆ ಬಿಡುತ್ತಿಲ್ಲ.

ಕೋಲ್ಡ್ ಸ್ಟೋರೇಜಿನವರು ನಿನ್ನೆ ಮತ್ತೆ ಕೇಳಿದರು. ಅಪ್ಪ, "ಭಾವಮೈದನ ಕಾಗದ ಬರಲಿ" ಅಂದರು. ಅವರು ಇನ್ನೊಂದು ಸ್ವಲ್ಪ ದಿನ ಕಾಯುತ್ತಾರೆ. ಪೋಸ್ಟ್‌ಮನ್ ಸೈಕಲ್ ಬಂದರೆ ಅಪ್ಪ ಪಂಕ್ಚರ್ ತೊಟ್ಟಿ ಹತ್ತಿರ ಎದ್ದು ನಿಲ್ಲುತ್ತಾರೆ.

ನಿಮ್ಮ ಓಣಿಯವರಿಗೆ ಏನೂ ಹೇಳಬೇಡಿ. ಕತೆ ನೀವೇ ಇಟ್ಟುಕೊಳ್ಳಿ. ಅಪ್ಪನಿಗೆ ಒಂದು ಸಾಲು ಬರೆಯಿರಿ, ಯಾರೂ ನೋಡುವುದಿಲ್ಲ.


ಜೂನ್ 21

ಪ್ರೀತಿಯ ಭಾವನಿಗೆ ನಿಮ್ಮ ಭಾವಮೈದ ಮಾಡುವ ನಮಸ್ಕಾರಗಳು.

ನಿಮಗೆ ಬರೆಯೋಕೆ ಕೂತು ಇದು ಮೂರನೇ ಹಾಳೆ. ಮೊದಲ ಎರಡರಲ್ಲಿ ಕೋಳಿ ಜಾಸ್ತಿ ಕೆದಕಿತು, ಹರಿದು ಹಾಕಿದೆ. ಆರೋಗ್ಯ ಹೇಗಿದೆ? ಮೊಣಕಾಲು ನೋವು ಇನ್ನೂ ಇದೆಯಾ? ಅಕ್ಕ ಇದ್ದಿದ್ದರೆ ನಾವಿಬ್ಬರೂ ಇಷ್ಟು ವರ್ಷ ಮುಖ ತಿರುಗಿಸಿಕೊಂಡಿರೋಕೆ ಬಿಡುತ್ತಿರಲಿಲ್ಲ, ಇಬ್ಬರ ಕಿವಿಯನ್ನೂ ಹಿಂಡುತ್ತಿದ್ದಳು.

ನಿಮ್ಮ ಮಗಳು ಇಂಜಿನ್ ಬಿಚ್ಚಿದಳಂತೆ. ಗಟ್ಟಿಗಿತ್ತಿ. ಸ್ಪ್ಯಾನರ್ ಹಿಡಿಯೋದು ಕಲಿಸಿದ್ದು ನಾನೇ ಅಂತ ಹೆಮ್ಮೆ. ಒಳಗೆ ಒಂದು ರಿಂಗು ಏನೋ ಹೆಚ್ಚುಕಮ್ಮಿ ಆಗಿತ್ತು ಅಂತ ಬರೆದಿದ್ದಳು. ಭಾವ, ಆ ರಿಂಗಿನ ವಿಷಯ ನಿಮಗೆ ಹೇಳಬೇಕು ಅಂತಲೇ ಈ ಕಾಗದ ಶುರು ಮಾಡಿದೆ. ಆ ದಿನ ನಾನು ಕಣ್ಣಿಗೆ ಟವೆಲ್ ಕಟ್ಟಿಕೊಂಡು ಕೂತಿದ್ದೆನಲ್ಲ, ನೀವು ಪಕ್ಕದಲ್ಲೇ ನಿಂತು ಒಂದೊಂದೇ ಸಾಮಾನು ನನ್ನ ಕೈಗೆ ಕೊಡುತ್ತಿದ್ದಿರಿ. ಮಧ್ಯದ ರಿಂಗು ಕೊಡುವಾಗ ನೀವು "ನೋಡಿಕೊಂಡು" ಅಂದಿರಿ. "ನೋಡೋಕೆ ಕಣ್ಣು ಎಲ್ಲಿದೆ ಭಾವ" ಅಂತ ನಾನು ಅಂದೆ, ಜನರೆಲ್ಲ ನಕ್ಕರು. ನಿಮಗೆ ನೆನಪಿದೆಯೋ ಇಲ್ಲವೋ. ನನಗೆ ನೆನಪಿದೆ.

ರಿಂಗಿನ ಮಾತು ದೊಡ್ಡದಲ್ಲ ಬಿಡಿ. ಹಳೇ ಇಂಜಿನ್ನಲ್ಲಿ ನೂರೆಂಟು ಇರುತ್ತೆ.

ಹೇಳಬೇಕಾದ್ದು ಬೇರೆ ಇದೆ. ಇಂಜಿನ್ ಕಚ್ಚಿದ ದಿನ ಆಗಿದ್ದನ್ನು ನೀವು ಇನ್ನೂ ತಲೆಯಲ್ಲಿ ಇಟ್ಟುಕೊಂಡಿದ್ದೀರಂತೆ. ಯಾಕೆ ಭಾವ? ಮನುಷ್ಯ ಅಂದಮೇಲೆ ಎಣ್ಣೆ ಹಾಕೋದು ಮರೆಯೋದು ಇದ್ದದ್ದೇ, ಯಾರು ಮರೆತಿಲ್ಲ. ನನ್ನ ಮನಸ್ಸಲ್ಲಿ ಒಂದು ಸಾಸಿವೆ ಕಾಳಷ್ಟೂ ಇಲ್ಲ. ನಿಮ್ಮನ್ನು ಪೂರ್ತಿ ಕ್ಷಮಿಸಿದ್ದೇನೆ. ಇವತ್ತಲ್ಲ, ಅವತ್ತೇ ಕ್ಷಮಿಸಿದ್ದೆ, ಹೇಳೋಕೆ ಆಗಿರಲಿಲ್ಲ. ಕಾಗದದಲ್ಲೇ ನಾಡಿ ಹಿಡಿದು ನಿಮ್ಮ ಇಂಜಿನ್ ಸರಿ ಮಾಡಿಸಿದೆ ನೋಡಿ, ಅದಕ್ಕಿಂತ ಸಾಕ್ಷಿ ಬೇಕಾ? ಇನ್ನು ನೆಮ್ಮದಿಯಾಗಿರಿ.

ನಿಮ್ಮ ಭಾವಮೈದ


ಜುಲೈ 9

ಅಪ್ಪ ಕವರನ್ನು ಬ್ಲೇಡಿನಲ್ಲಿ ಕೊಯ್ದು ತೆಗೆದರು, ಹರಿಯಬಾರದು ಅಂತ. ತಾವೇ ಒಂದು ಸಲ ಓದಿಕೊಂಡರು, ಆಮೇಲೆ ನನ್ನಿಂದ ಗಟ್ಟಿಯಾಗಿ ಓದಿಸಿದರು. ನಾನು "ನೋಡಿಕೊಂಡು" ಅನ್ನೋ ಜಾಗದಲ್ಲಿ ನಿಂತೆ. "ಅಪ್ಪ, ನೀವು ಹಾಗೆ ಹೇಳಿದ್ದಿರಾ?" ಅಂತ ಕೇಳಿದೆ. "ಹೇಳಿರಬಹುದು, ಮುಂದೆ ಓದು" ಅಂದರು. ಕ್ಷಮಿಸಿದ್ದೇನೆ ಅನ್ನುವ ಸಾಲು ಬಂದಾಗ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿಕೊಂಡು, "ನೋಡಿದೆಯಾ, ದೊಡ್ಡ ಮನಸ್ಸು ಅವನದು" ಅಂದರು.

ರಿಂಗನ್ನು ಮತ್ತೆ ಅವರ ಮುಂದೆ ಇಟ್ಟೆ. ಇದರಲ್ಲಿ ಮಾವನೇ ಬರೆದಿದಾರೆ, ಕಣ್ಣು ಕಟ್ಟಿಕೊಂಡು ಹಾಕಿದ್ದು ಅಂತ, ಓದಿ ಅಂದೆ. ನನ್ನ ಮೇಲೆ ಮೊದಲ ಸಲ ರೇಗಿದರು. ಕ್ಷಮಿಸಿದವನ ತಪ್ಪು ಹುಡುಕೋ ಬುದ್ಧಿ ಎಲ್ಲಿಂದ ಬಂತು ನಿಂಗೆ ಅಂದರು.

ಮಾರನೇ ದಿನ ಒಗೆದ ಅಂಗಿ ಹಾಕಿಕೊಂಡು ಕೋಲ್ಡ್ ಸ್ಟೋರೇಜಿಗೆ ಹೋದರು. ನಾನು ಕೆಲಸಕ್ಕೆ ಒಪ್ಪಿಕೊಳ್ಳೋಕೆ ಅಂದುಕೊಂಡೆ. ಅವರು ಹೋಗಿ, ನಾನು ಮರೆತದ್ದನ್ನು ಭಾವಮೈದ ಕ್ಷಮಿಸಿದಾನೆ, ಆದರೆ ಮರೆತದ್ದು ಮರೆತದ್ದೇ, ಇನ್ನೊಬ್ಬರ ಯಂತ್ರದ ಮೇಲೆ ಮತ್ತೆ ಪ್ರಯೋಗ ಬೇಡ, ಬೇರೆಯವರನ್ನು ನೋಡಿಕೊಳ್ಳಿ, ಅಂತ ಹೇಳಿ ಬಂದರು. ಹೇಳಿ ಬಂದ ಮೇಲೆ ಚೆನ್ನಾಗಿ ಊಟ ಮಾಡಿದರು. ಆ ಜಾಗಕ್ಕೆ ಪೇಟೆಯಿಂದ ಯಾರೋ ಬಂದಿದ್ದಾರೆ. ಆ ಕುರ್ಚಿ ನಮ್ಮ ಅಂಗಡಿಯ ಹಿಂಬದಿಯಿಂದ ಕಾಣುತ್ತೆ.

ಆಯಿಲ್ ಕಡ್ಡಿ ಈಗಲೂ ಎಳೆದು ನೋಡುತ್ತಾರೆ. ಮಟ್ಟ ಒಂದು ಕೂದಲಷ್ಟೂ ಇಳಿದಿರುವುದಿಲ್ಲ. "ನಿಮ್ಮ ಮಾವ ಸರಿ ಮಾಡಿಸಿದ ಮೇಲೆ ಎಷ್ಟು ಚೆನ್ನಾಗಿದೆ" ಅನ್ನುತ್ತಾರೆ.

ನನಗೆ ನೀವು ಬರೆಯಬೇಡಿ. ಬರೆದರೂ ಒಡೆಯುವುದಿಲ್ಲ. ಅಪ್ಪನಿಗೆ ಬರೆಯಿರಿ, ಅವರು ಕಾಯುತ್ತಾರೆ.

ನಿಮ್ಮ ಕಾಗದವನ್ನು ಅವರು ಅಂಗಡಿಯ ಗೋಡೆಗೆ ಅಂಟಿಸಿದ್ದಾರೆ, ಟ್ಯೂಬಿಗೆ ಪ್ಯಾಚ್ ಹಾಕುವ ಸಲ್ಯೂಷನ್ ಸವರಿ. ನಾನಿಲ್ಲದಾಗ ಅಂಟಿಸಿದ್ದು. ಒಂದು ಮೂಲೆ ಎಬ್ಬಿಸಿ ನೋಡಿದೆ, ಗೋಡೆಯ ಸುಣ್ಣವೇ ಕಿತ್ತು ಬಂತು, ಬಿಟ್ಟುಬಿಟ್ಟೆ. ಗಾಳಿ ತುಂಬುವವರೆಗೆ ಡ್ರೈವರುಗಳು ಅದರ ಮುಂದೆ ನಿಂತು ಓದುತ್ತಾರೆ. ಓದಿ ಮುಗಿಸಿ, ಟೈರಿನ ಮೇಲೆ ಕೂತಿರುವ ಅಪ್ಪನ ಕಡೆ ತಿರುಗಿ ನೋಡುತ್ತಾರೆ. ಅಪ್ಪ ತಲೆಯಾಡಿಸುತ್ತಾರೆ, ಹೌದು, ನಾನೇ ಅಂತ.